ಅಕ್ಕೋರು ಬರೆದ ಚೀಟಿ

ಅಕ್ಕೋರ ಬಲಗೈ ತೋರುಬೆರಳಿನ ಉಗುರು ಟೈಪ್‌ರೈಟರ್ ಬಡಿದು ಬಡಿದು ಚಪ್ಪಟೆಯಾಗಿತ್ತು. ಅಥಣಿಯಲ್ಲಿ ಅವರು ಟೀಚರಾಗಿ ನಡೆಸುತ್ತಿದ್ದ ಟೈಪಿಂಗ್ ಕ್ಲಾಸು ಮುಚ್ಚಿದ ಮೇಲೆ, ದ್ರಾಕ್ಷಿ ತೋಟದ ಔಷಧ ಮಾರುವ ನನ್ನ ಅಂಗಡಿಗೆ ಕಂಪ್ಯೂಟರ್ ಕೆಲಸಕ್ಕೆ ಬಂದರು. ಏಳನೇ ಇಯತ್ತೆ ದಾಟದ ನಾನು ಅಂಗಡಿ ಕಟ್ಟಿದ್ದೇ ಚೌಕಾಸಿಯಿಂದ. ಪಗಾರ ಇಳಿಸಲು ನೋಡಿದಾಗ ಅಕ್ಕೋರು ನಕ್ಕರು. "ಪಗಾರದಾಗ ಬೇಕಾದಷ್ಟ ಚೌಕಾಸಿ ಮಾಡ್ರಿ ಸಾವಕಾರ್ರ, ಚೀಟಿಯಾಗ ಮಾಡಬ್ಯಾಡ್ರಿ."

ಚೀಟಿ ಎಂದರೆ, ಎಷ್ಟು ಲೀಟರ್ ನೀರಿಗೆ ಎಷ್ಟು ಔಷಧ ಎಂದು ರೈತರಿಗೆ ಬರೆದುಕೊಡುವುದು. ಅದಕ್ಕಾಗಿ ಎಕ್ಸೆಲ್‌ನಲ್ಲಿ ಅವರೇ ಒಂದು ಹಾಳೆ ಮಾಡಿದ್ದರು. ನೀರಿನ ಅಂಕಿ ಹಾಕಿದರೆ ಔಷಧದ ಅಂಕಿ ತಾನೇ ಬದಲಾಗುತ್ತಿತ್ತು. ಬರೆದದ್ದನ್ನು ರೈತನ ಬಾಯಿಂದಲೇ ಹೇಳಿಸುವರು. "ನಾ ಏನ್ ಸಾಲಿ ಹುಡುಗ ಏನ್ರಿ?" ಎಂದು ಯಾರಾದರೂ ರೇಗಿದರೆ, "ಸಾಲಿ ಹುಡುಗ್ರು ಒಮ್ಮಿಗೇ ಹೇಳ್ತಾರ್ರಿ. ನೀವೂ ಹೇಳ್ರಿ," ಎನ್ನುವರು.

ಒಂದು ಹಂಗಾಮಿನಲ್ಲಿ ಅಂಗಡಿ ತುಂಬ ಜನ. ನನ್ನ ಸ್ಟಾಕಿನ ಫೈಲು ದೊಡ್ಡದು. ಒಂದೊಂದು ಅಂಕಿಗೂ ಕಂಪ್ಯೂಟರ್ ನಿಂತುಬಿಡುತ್ತಿತ್ತು. ಯಾರೋ ಹೇಳಿದ ಉಪಾಯ ನಂಬಿ ಕ್ಯಾಲ್ಕ್ಯುಲೇಶನ್ ಸೆಟ್ಟಿಂಗನ್ನು ಆಟೋಮ್ಯಾಟಿಕ್‌ನಿಂದ ಮ್ಯಾನ್ಯುಅಲ್‌ಗೆ ತಿರುಗಿಸಿದೆ. ಹಾಗೆ ಮಾಡಿದರೆ ಎಫ್ ನೈನ್ ಒತ್ತುವವರೆಗೆ ಹಳೆಯ ಉತ್ತರವೇ ಕೂತಿರುತ್ತದೆ. ಒಂದು ಫೈಲಿನಲ್ಲಿ ತಿರುಗಿಸಿದ ಸೆಟ್ಟಿಂಗ್ ತೆರೆದಿರುವ ಬೇರೆ ಫೈಲುಗಳಿಗೂ ಅಂಟುತ್ತದೆಂದು ನನಗೆ ಗೊತ್ತಿರಲಿಲ್ಲ. ನಿಮ್ಮಲ್ಲಿ ಅಂಥ ಫೈಲಿದ್ದರೆ ಇವತ್ತೇ ತೆರೆದು ನೋಡಿ. ಅಕ್ಕೋರಿಗೆ ನಾನು ಹೇಳಲಿಲ್ಲ.

ನಾನು ಸೆಟ್ಟಿಂಗ್ ತಿರುಗಿಸುವ ಮುಂಚೆಯಷ್ಟೇ ಆರುನೂರು ಲೀಟರಿನವರೊಬ್ಬರು ಚೀಟಿ ಬರೆಸಿಕೊಂಡು ಹೋಗಿದ್ದರು. ತಿರುಗಿಸಿದ ಮೇಲೆ ಶೇಡಬಾಳದ ಕಾಕಾ ಬಂದರು. ಅವರದು ಇನ್ನೂರು ಲೀಟರಿನ ಟ್ಯಾಂಕಿ. ಅಕ್ಕೋರು ಇನ್ನೂರು ಎಂದು ಒತ್ತಿದರು. ಔಷಧದ ಅಂಕಿ ಆರುನೂರರದೇ ಉಳಿದಿತ್ತು. ಗದ್ದಲದಲ್ಲಿ ಅದನ್ನೇ ಬರೆದರು, ಕಾಕಾನಿಂದ ಹೇಳಿಸಿಯೂ ಹೇಳಿಸಿದರು. ಅದು ಆ ದಿನದ ಕೊನೆಯ ಚೀಟಿ, ಮರುದಿನ ಅಂಗಡಿಗೆ ರಜೆ.

ಮೂರನೆಯ ದಿನ ಬಾಗಿಲು ತೆರೆಯುತ್ತಲೇ ಕಾಕಾ ಸುಟ್ಟುಹೋದ ಎಳೆ ಗೊನೆಗಳನ್ನು ತಂದು ಕೌಂಟರಿನ ಮೇಲಿಟ್ಟರು. "ಅಕ್ಕೋರ, ಇದೇನ್ ಬರದಿದ್ರಿ?"

ಚೀಟಿ ನೋಡಿ ಅಕ್ಕೋರ ಮುಖ ಇಳಿಯಿತು. "ಅಕ್ಷರ ನಂದ್ರಿ ಕಾಕಾ. ಹೆಂಗಾತೋ ತಿಳೀವಲ್ದು. ತಪ್ಪ ನಂದ."

ಅಷ್ಟರಲ್ಲಿ ನಾನು ಹಾಳೆಯಲ್ಲಿ ನೀರಿನ ಬೇರೆ ಬೇರೆ ಅಂಕಿ ಹಾಕಿ ನೋಡಿದ್ದೆ. ಉತ್ತರ ಅಲುಗಲಿಲ್ಲ. ತಿಳಿದುಹೋಯಿತು. ನನ್ನ ತಪ್ಪೆಂದರೆ ಅಂಗಡಿಯ ಹೆಸರು ಹೋಗುತ್ತದೆ, ಅಕ್ಕೋರದೆಂದರೆ ಅವರದಷ್ಟೇ. ಆ ಗಳಿಗೆಯಲ್ಲೂ ತೂಗಿ ನೋಡಿದೆ. ಸದ್ದಿಲ್ಲದೆ ಸೆಟ್ಟಿಂಗ್ ಬದಲಿಸಿ, ಕಾಕಾನನ್ನು ಸಮಾಧಾನ ಮಾಡಿ ಕಳಿಸಿದೆ.

ಮರುದಿನದಿಂದ ರೈತರು ಅಕ್ಕೋರನ್ನು ದಾಟಿ ನನ್ನ ಬಳಿಗೇ ಬಂದರು. "ಚೀಟಿ ನೀವ ಬರೀರಿ ಸಾವಕಾರ್ರ." ಅಕ್ಕೋರು ವಾರವಿಡೀ ಕಾಗದದ ಮೇಲೆ ಗುಣಿಸಿ ಗುಣಿಸಿ ಹಾಳೆಯೊಂದಿಗೆ ತಾಳೆ ನೋಡಿದರು. ತಪ್ಪು ಎಲ್ಲೂ ಸಿಗಲಿಲ್ಲ. "ನನ್ನ ತಲೀನ ಮಂಕಾಗೇತಿ ಕಾಣತೈತ್ರಿ," ಎಂದು ಕೆಲಸ ಬಿಟ್ಟರು. ಮನೆಯಲ್ಲಿ ಪಾಠ ಹೇಳಿಸಿಕೊಳ್ಳಲು ಬರುತ್ತಿದ್ದ ಮಕ್ಕಳನ್ನೂ ಹಿಂದಕ್ಕೆ ಕಳಿಸಿದರಂತೆ.

ಅಕ್ಕೋರು ಈ ವರ್ಷ ತೀರಿಕೊಂಡರು. ಮಣ್ಣು ಕೊಡಲು ಬಂದಿದ್ದ ಕಾಕಾ ನನ್ನ ಪಕ್ಕ ಕುಳಿತು, "ಛಲೋ ಹೆಣ್ಮಗಳು. ವಯಸ್ಸಾಗಿ ಲೆಕ್ಕ ತಪ್ಪತಿತ್ತು, ಅಷ್ಟ," ಎಂದರು. ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ.

ಕಾಕಾ ಹೊಸ ಮಣ್ಣಿನ ಕಡೆ ನೋಡಿದರು.

"ಇದನ್ನ ನನಗ್ಯಾಕ ಹೇಳ್ತೀರಿ?" ಎಂದರು. "ನನ್ನ ತ್ವಾಟ ಮರುವರ್ಷನ ಚಿಗುರಿತ್ರಿ."