ಹಾಲಿನ ಡಿಗ್ರಿ

ಮೊನ್ನೆ ಮಣಿಪಾಲದ ಮನೆಯಲ್ಲಿ ಮೊಮ್ಮಗಳು ಧೃತಿ ಶಾಲೆಯ ಪಾಠಕ್ಕೆಂದು ಒಂದೇ ಲೋಟದಲ್ಲಿ ನೀರು, ತೆಂಗಿನೆಣ್ಣೆ, ಉಪ್ಪು, ಹಾಲು ಒಂದೊಂದಾಗಿ ತುಂಬಿಸಿ ತೂಗುತ್ತಿದ್ದಳು. ಹಾಲು ಆಗಷ್ಟೇ ಒಲೆಯಿಂದ ಇಳಿಸಿದ್ದು. ಅದರ ಬೆಚ್ಚಗಿನ ವಾಸನೆ ಮೂಗಿಗೆ ತಾಗಿದ್ದೇ ನಾನು ಕುಕ್ಕುಂದೂರಿನ ನಮ್ಮ ದನದ ಹಟ್ಟಿಯಲ್ಲಿದ್ದೆ. ಬೊಳ್ಳಿ ಎಂಬ ಬಿಳಿ ದನ, ಅದರ ಹೊಟ್ಟೆಗೆ ಹಣೆ ಆನಿಸಿ ಹಾಲು ಕರೆಯುತ್ತಿದ್ದ ನನ್ನ ಅಮ್ಮ, ಚೆಂಬಿನೊಳಗೆ ನೊರೆ ಏರುವ ಸದ್ದು. "ಅಜ್ಜಿ, ಎಂತ ಯೋಚನೆ?" ಎಂದಳು ಧೃತಿ. ಬಾಯಲ್ಲಿ ಹೇಳಲು ನನಗೆ ಈಗಲೂ ಬರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ ಮಕ್ಕಳೇ.

ಅಪ್ಪ ಕಾಪುವಿನಲ್ಲಿ ದೋಣಿಯ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಊರಿನವರೆಲ್ಲ ಜಲಜಕ್ಕ ಎನ್ನುತ್ತಿದ್ದ ಅಮ್ಮ, ನಾನು, ಬೊಳ್ಳಿ. ಊರಿಗೆ ಹೊಸದಾಗಿ ಬಂದ ಹಾಲಿನ ಸೊಸೈಟಿ ನಮ್ಮ ಗದ್ದೆಯ ಆಚೆ ಬದಿಯಲ್ಲೇ ಇತ್ತು. ಎಲ್ಲರಿಗಿಂತ ಹತ್ತಿರದ ಮನೆ ನಮ್ಮದು. ಅಲ್ಲಿ ಸದಾಶಿವಣ್ಣ ಎಂಬವರು ಗಾಜಿನ ಕೊಳವೆಯೊಂದನ್ನು ಹಾಲಿನಲ್ಲಿ ತೇಲಿಬಿಟ್ಟು ಗೆರೆ ನೋಡುತ್ತಿದ್ದರು. ಹಾಲು ದಟ್ಟವಿದ್ದರೆ ಕೊಳವೆ ಮೇಲೆ ನಿಲ್ಲುತ್ತದೆ, ನೀರು ಬೆರೆತಿದ್ದರೆ ಕೆಳಗಿಳಿಯುತ್ತದೆ. ಆ ಗೆರೆಗೆ ಎಲ್ಲರೂ ಡಿಗ್ರಿ ಎನ್ನುತ್ತಿದ್ದರು. ಡಿಗ್ರಿ ಎಂದರೆ ನಿಮಗೆ ಕಾಲೇಜು ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಅದು ಬೇಕಾಗಿದ್ದದ್ದು ದನಕ್ಕೆ. ಬೊಳ್ಳಿಗೆ ಮಾತ್ರ ಡಿಗ್ರಿ ಸಿಗಲಿಲ್ಲ. ತಡವಾದರೆ ಹಾಲು ಹಾಳಾದೀತೆಂದು ಅಮ್ಮ ಕರೆದ ಕೂಡಲೇ ಕ್ಯಾನು ಹಿಡಿದು ಓಡುವವರು, ದಿನವೂ ಸಾಲಿನಲ್ಲಿ ಮೊದಲಿಗರು. ದಿನವೂ ಸದಾಶಿವಣ್ಣ ಎರಡು ಗೆರೆ ಕಮ್ಮಿ ಉಂಟೆಂದು ತಲೆ ತಗ್ಗಿಸಿಕೊಂಡೇ ಹೇಳಿ ಹಾಲು ಹಿಂದಕ್ಕೆ ಕೊಡುತ್ತಿದ್ದರು. ಮೂರನೆಯ ದಿನ ಹಿಂದೆ ನಿಂತಿದ್ದ ನೆರೆಮನೆಯ ಗಿರಿಜಕ್ಕ ಮೆಲ್ಲಗೆ ಅಂದರು, "ಜಲಜಕ್ಕನಿಗೆ ಬಾವಿ ಹಟ್ಟಿಗೆ ತಾಗಿಯೇ ಉಂಟಲ್ವಾ, ನೀರು ಹೊರುವ ಕಷ್ಟ ಇಲ್ಲ." ನಾಲ್ಕೈದು ಮಂದಿ ನಕ್ಕರು. ತೊಳೆದ ಕ್ಯಾನಿನಲ್ಲಿ ಒಂದು ಹನಿ ನೀರು ಉಳಿಯಬಾರದೆಂದು ಬಿಸಿಲಿಗೆ ಕವುಚಿಡುತ್ತಿದ್ದ ಅಮ್ಮ ಕ್ಯಾನು ಎತ್ತಿಕೊಂಡು ಮನೆಗೆ ಬಂದರು. ನಾಳೆಯೂ ಹೀಗೇ ಆದರೆ ಇನ್ನು ಸೊಸೈಟಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿದ್ದು ನನಗಲ್ಲ, ಬೊಳ್ಳಿಗೆ.

ಅದೇ ದಿನ ಏಳನೆಯ ಕ್ಲಾಸಿನ ನಮಗೆ ಗ್ರೇಸಿ ಟೀಚರ್ ಸಾಂದ್ರತೆಯ ಪಾಠ ಮಾಡಿದರು. ಮನೆಯಿಂದ ಏನಾದರೂ ತರಲು ಹೇಳಿದ್ದರು. ಎಲ್ಲರೂ ಕಲ್ಲು, ಮರದ ತುಂಡು, ಹುಣಿಸೆಬೀಜ ತಂದಿದ್ದರು. ನಾನು ಆ ಹಿಂತಿರುಗಿದ ಹಾಲನ್ನು, ಇನ್ನೂ ಬೆಚ್ಚಗಿದ್ದಾಗಲೇ, ಸಣ್ಣ ಬಾಟ್ಲಿಯ ಬಾಯಿವರೆಗೆ ತುಂಬಿಸಿ ಬಿರಡೆ ಹಾಕಿ ಒಯ್ದಿದ್ದೆ. ಚೀಲದಿಂದ ತೆಗೆದು ನೋಡಿದರೆ ಬಾಟ್ಲಿಯ ಕೊರಳಲ್ಲಿ ಹುಲ್ಲುಕಡ್ಡಿಯ ದಪ್ಪದಷ್ಟು ಜಾಗ ಖಾಲಿ. ದಾರಿಯಲ್ಲಿ ಕುಡಿದೆಯಾ ಎಂದು ಕೇಳಿಯಾರೆಂದು ನನಗೆ ಅಳು ಬಂತು. ಟೀಚರ್ ಬಾಟ್ಲಿಯನ್ನು ಬೆಳಕಿಗೆ ಹಿಡಿದು ಕೇಳಿದ್ದು ಬೇರೆಯೇ: "ನೊರೆ ಇಳಿಯಿತು, ಹಾಲು ತಣಿಯಿತು. ಒಂದು ಹನಿಯೂ ಚೆಲ್ಲಲಿಲ್ಲ, ತೂಕ ಅಷ್ಟೇ ಉಂಟು, ಹಿಡಿಯುವ ಜಾಗ ಕಮ್ಮಿಯಾಯಿತು. ಹಾಗಾದ್ರೆ ಹಾಲು ದಟ್ಟ ಆಯಿತಾ, ತೆಳು ಆಯಿತಾ?" ಉತ್ತರ ನನಗೆ ಗೊತ್ತಿತ್ತು. ಎದ್ದು ನಿಂತೆ, ಬಾಯಿ ಬರಲಿಲ್ಲ, ಕೂತೆ. ಅಮ್ಮನ ಹಾಲು ತೆಳುವಾಗಿ ಕಂಡದ್ದು ನೀರಿನಿಂದಲ್ಲ, ಬಿಸಿಯಿಂದ.

ಮನೆಯಲ್ಲೂ ಹೇಳಲಾಗಲಿಲ್ಲ. ದೊಡ್ಡವರ ಮೇಜಿನ ಮೇಲಿನ ಗಾಜಿನ ಕೊಳವೆ ತಪ್ಪೆಂದು ನನ್ನಂಥವಳು ಹೇಳುವುದು ಹೇಗೆ? ಮರುದಿನ ಅಮ್ಮನ ಸೆರಗು ಹಿಡಿದು ಸೊಸೈಟಿಗೆ ಹೋದೆ. ಸದಾಶಿವಣ್ಣ ಕೊಳವೆ ಎತ್ತಿದರು. ಹಿಂದೆ ಗಿರಿಜಕ್ಕ ಗಂಟಲು ಸರಿಮಾಡಿಕೊಂಡರು. ಅಮ್ಮನ ಕೈ ಕ್ಯಾನಿನ ಹಿಡಿಯ ಮೇಲೆ ಬಿಗಿಯಾದದ್ದು ಕಂಡಿತು. ನಾನು ಎರಡೂ ಕೈಗಳನ್ನು ಕ್ಯಾನಿನ ಬಾಯಿಗೆ ಅಡ್ಡ ಇಟ್ಟೆ.

"ಹಾಲು ಬಿಸಿ ಉಂಟು," ಎಂದೆ. "ತಣಿಯಲಿ. ಆಮೇಲೆ ನೋಡಿ."

ಅಮ್ಮ ಗದರಿಸಿದರು. ಸದಾಶಿವಣ್ಣ ಗದರಿಸಲಿಲ್ಲ. ನನ್ನ ಮುಖ ನೋಡಿದರು, ಕ್ಯಾನನ್ನು ಮುಟ್ಟಿ ನೋಡಿದರು. ಅದನ್ನು ಬಾವಿ ನೀರಿದ್ದ ಬೋಗುಣಿಯಲ್ಲಿ ಇಳಿಸಿಟ್ಟು ಮಿಕ್ಕವರ ಹಾಲೆಲ್ಲ ಅಳೆದು ಮುಗಿಸಿದರು. ಯಾರೂ ಮನೆಗೆ ಹೋಗಲಿಲ್ಲ. ಕೊನೆಗೆ ನಮ್ಮ ಹಾಲಿಗೆ ಕೊಳವೆ ಬಿಟ್ಟರು. ಅದು ಒಮ್ಮೆ ಮುಳುಗಿ, ಮೇಲೆ ಬಂದು, ಬೇಕಾದ ಗೆರೆಯಲ್ಲೇ ನಿಂತಿತು. "ಜಲಜಕ್ಕ, ತಪ್ಪು ನನ್ನದು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನಾಳೆಯಿಂದ ನೀವು ಕೊನೆಗೆ ಕೊಡಿ." ಗಿರಿಜಕ್ಕ ಅಮ್ಮನ ಹತ್ತಿರ ಬಂದು, ಬೊಳ್ಳಿಗೆ ಎಂತ ಹಿಂಡಿ ಹಾಕುತ್ತೀರಿ ಎಂದು ಕೇಳಿದರು. ಅವರಿಗೆ ಕ್ಷಮೆ ಕೇಳಲು ಬರುತ್ತಿದ್ದದ್ದು ಹಾಗೆ.

ಈಗ ಆ ಮನೆಯಿಲ್ಲ, ಹಟ್ಟಿಯಿಲ್ಲ; ಅಂದಿನ ದೊಡ್ಡವರಲ್ಲಿ ಯಾರೂ ಇಲ್ಲ. ಒಂದು ಹೆಣ್ಣುಮಗುವಿನ ಮಾತಿಗೆ ಕಾದು ನಿಂತ ಸದಾಶಿವಣ್ಣನನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಅವರು ನಮಗೆ ಕೊಟ್ಟದ್ದು ಡಿಗ್ರಿ ಮಾತ್ರವಲ್ಲ. ಅದುವರೆಗೆ ನಸುಕಿನಿಂದ ರಾತ್ರಿಯವರೆಗೆ ಅಮ್ಮ ಕೂತದ್ದನ್ನು ನಾನು ಕಂಡವಳಲ್ಲ. ಆ ದಿನದ ನಂತರ ಪ್ರತಿ ಬೆಳಗ್ಗೆ, ಹಾಲು ತಣಿಯುವವರೆಗೆ, ಸೊಸೈಟಿಯ ಮೆಟ್ಟಿಲ ಮೇಲೆ ಅಮ್ಮ ಸುಮ್ಮನೆ ಕೂರುತ್ತಿದ್ದರು, ಪಕ್ಕದಲ್ಲಿ ನಾನು.