ಕಾಶಪ್ಪನ ರವಿವಾರದ ಗ್ಯಾಸ್ಕೆಟ್

ಇಳಕಲ್ಲಿನ ನಮ್ಮ ಓಣಿಯ ಕಾಶಪ್ಪ ವಾರವಿಡೀ ಸೀರೆಯ ಗಂಟು ಹೊತ್ತು ಕೆರೂರು, ಬಾದಾಮಿ ಸುತ್ತುವುದು ಬಸ್ಸಿನಲ್ಲೇ ಆದರೂ, ಅವನ ಅಂಗಳದಲ್ಲಿ ಹಿಂದಿನ ಜಮೀನ್ದಾರ ದೇಸಾಯರು ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ತರಿಸಿದ್ದ, ಈಗ ಇವನ ಪಾಲಿಗೆ ಬಂದ ವಿಲಾಯತಿ ಕಾರು ನಿಂತಿದೆ. “ಕಾರಲ್ಲರಿ ಇದು, ಸಿಂಹಾಸನ. ಒಮ್ಮೆ ಕುಂತು ನೋಡ್ರಿ,” ಎಂದು ಹಾಲು ಹಾಕಲು ಬಂದವನನ್ನೂ ಅದರೊಳಗೆ ಕೂರಿಸುತ್ತಾನೆ. ಸಿಂಹಾಸನಕ್ಕೆ ಒಂದೇ ಕೊರತೆ: ಚಾಲೂ ಮಾಡಿದರೆ ಎಂಜಿನ್ನಿನ ಮೇಲ್ಮುಚ್ಚಳದ ಅಂಚಿನಿಂದ ಎಣ್ಣೆ ಸೋರುತ್ತದೆ. ಹೀಗಾಗಿ ಪ್ರತಿ ರವಿವಾರ ಅವನು ಎಂಜಿನ್ನಿಗೆ ವಿಭೂತಿ ಹಚ್ಚಿ, ಮುಚ್ಚಳ ಬಿಚ್ಚಿ, ಸಂದಿಯಲ್ಲಿ ಎಣ್ಣೆ ತಡೆಯಲು ಕಾರ್ಕ್ ಹಾಳೆಯಿಂದ ಹೊಸ ಗ್ಯಾಸ್ಕೆಟ್ ಕತ್ತರಿಸಿ, ಮಗ್ಗದ ನೂಲಿಗೆ ಹಚ್ಚಲು ಹೆಂಡತಿ ಕಾಸುವ ಗಂಜಿಯಿಂದಲೇ ಅದನ್ನು ಅಂಟಿಸುತ್ತಾನೆ. “ನೂಲು ಹಿಡಿಯೂ ಗಂಜಿ ಕಾರ್ಕ್ ಹಿಡಿಯಂಗಿಲ್ಲೇನು?” ಪಾನಾ ಹಿಡಿದು ಬೋಲ್ಟು ಬಿಗಿಯುತ್ತ, ಯಾವ ಊರಿನವರು ಯಾವ ದಡಿಯ ಸೀರೆ ಕೇಳಿದರೆಂದು ಕಿಟಕಿಯೊಳಗೆ ನೇಯುತ್ತಿರುವ ಹೆಂಡತಿ ಗುರುಲಿಂಗವ್ವನಿಗೆ ಸಂಜೆಯವರೆಗೂ ಹೇಳುತ್ತಾನೆ, ಅವಳು ಲಾಳಿ ನಿಲ್ಲಿಸದೆ ನಗುತ್ತಾಳೆ. ಮುಂದಿನ ರವಿವಾರ ಎಂಜಿನ್ ಚಾಲೂ ಮಾಡಿದರೆ ಮತ್ತೆ ಎಣ್ಣೆ. “ಗಂಜಿ ತೆಳ್ಳಗ ಮಾಡೀದಿ ನೋಡು!” “ಹೌದ್ರಿ, ಈ ಸಲ ಗಟ್ಟಿ ಮಾಡ್ತೇನಿ.” ಒಮ್ಮೆ ಅವಳು ವಾರವಿಡೀ ಹುನಗುಂದದ ತವರಿಗೆ ಹೋಗಿದ್ದಾಗ ಆ ರವಿವಾರ ಒಂದು ಹನಿಯೂ ಸೋರಲಿಲ್ಲ, ಕಾಶಪ್ಪ ಒಣ ಬಟ್ಟೆ ಹಿಡಿದು ಕಾರಿನ ಸುತ್ತ ತಿರುಗಾಡಿ, ಕೊನೆಗೆ ಇಸ್ಪೀಟಿಗೆ ಹೋದ. ಅವಳು ಮರಳಿದ ಮೇಲೆ ಸೀರೆ ಒಯ್ಯಲು ಹೋದ ನಾನು, ಮಗ್ಗದ ಪಕ್ಕದ ಲಾಳಿ ಬುಟ್ಟಿಯಲ್ಲಿ ಕಾಶಪ್ಪ ಬೋಲ್ಟು ಬಿಗಿಯುವ ಪಾನಾ ಕಂಡೆ. ಅದರ ಬಾಯಿಯಲ್ಲಿ ಹಸಿ ಎಣ್ಣೆ. ಗುರುಲಿಂಗವ್ವ ಅದರ ಮೇಲೆ ಸೆರಗೆಳೆದು, ತಲೆಯೆತ್ತದೆ ಅಂದಳು: “ವಾರಕ್ಕೊಂದ ದಿನಾನರ ಅವ್ರು ಮನ್ಯಾಗ ಇರ್ಲಿ ಬಿಡ್ರಿ.”