ಅತ್ತಿಗೆಯ ಸುಳ್ಳಂಗಡಿ

ನಮ್ಮ ಅತ್ತಿಗೆಗೆ ಒಂದು ಅಂಗಡಿಯಿದೆ. ಅದಕ್ಕೆ ಬಾಗಿಲಿಲ್ಲ, ಕಪಾಟಿಲ್ಲ. ಇರುವುದೆಲ್ಲ ಅವಳ ಕಂಪ್ಯೂಟರಿನೊಳಗೆ. ಅಲ್ಲಿಯ ಸಾಮಾನೂ ಸುಳ್ಳು, ಗಿರಾಕಿಗಳೂ ಸುಳ್ಳು. ಅದಕ್ಕೆ ಸುಳ್ಳಂಗಡಿ ಎಂದು ಹೆಸರಿಟ್ಟವಳು ನಾನೇ. ನಾದಿನಿಯಾದ ಮೇಲೆ ಅಷ್ಟಾದರೂ ಹಕ್ಕು ಬೇಡವೇ?

ಅಂಗಡಿ, ಗೋದಾಮು, ಆಸ್ಪತ್ರೆಗಳಲ್ಲಿ ದಾಸ್ತಾನು ನೋಡಿಕೊಳ್ಳುವ ಒಂದು ಸಾಫ್ಟ್‌ವೇರ್ ಇದೆ. ಓಪನ್ ಸೋರ್ಸ್. ಅಂದರೆ ಯಾರಪ್ಪನ ಮನೆಯ ಸ್ವತ್ತೂ ಅಲ್ಲ. ಯಾರು ಬೇಕಾದರೂ ತೆಗೆದುಕೊಂಡು ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ತಿದ್ದುವವರು ಎಲ್ಲೆಲ್ಲೋ ಇರುತ್ತಾರೆ, ಒಬ್ಬರ ಮುಖ ಇನ್ನೊಬ್ಬರು ಕಂಡಿರುವುದಿಲ್ಲ. ಅವರೆಲ್ಲರ ಕೆಲಸವನ್ನು ಒಟ್ಟುಗೂಡಿಸಿ ಹೊಸ ವರ್ಷನ್ ಬಿಡುವುದು ಒಂದು ಪುಟ್ಟ ಕಚೇರಿ. ಟೈರ್ ಅಂಗಡಿಯ ಮಹಡಿಯ ಮೇಲಿದೆ. ಅತ್ತಿಗೆ ಮನೆಗೆ ಬಂದರೆ ಸೀರೆಯಲ್ಲೂ ರಬ್ಬರಿನ ವಾಸನೆ. ಹೊಸ ವರ್ಷನ್ ಬಿಡುವ ಮೊದಲು ಅದು ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು ಅಲ್ಲಿ ಅವಳ ಕೆಲಸ.

ಅದಕ್ಕೇ ಆ ಸುಳ್ಳಂಗಡಿ. ಹೊಸ ವರ್ಷನ್ ಬಂದಾಗಲೆಲ್ಲ ಅಲ್ಲಿ ಪೂರ್ತಿ ಒಂದು ದಿನದ ವ್ಯಾಪಾರ ನಡೆಯಬೇಕು. ಗಿರಾಕಿಗಳೆಲ್ಲ ನಮ್ಮ ಮನೆಯವರೇ. ನಮ್ಮಣ್ಣ ಬಿಲ್ಲು ಕಳೆದುಕೊಂಡು ಬರುವವನು. ನಾನು ಎಲ್ಲ ಮುಗಿದ ಮೇಲೆ ‘ಬೇಡ, ರದ್ದು ಮಾಡಿ’ ಎನ್ನುವ ಜಗಳಗಂಟಿ. ಚಿಕ್ಕಮ್ಮ ದಾರದುಂಡೆ ಕೊಂಡು, ಬಣ್ಣ ಹೊಂದಲಿಲ್ಲವೆಂದು ವಾಪಸ್ ತರುವವಳು.

ಚಿಕ್ಕಮ್ಮ ಕೆಳಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನೂ ಅಣ್ಣನನ್ನೂ ಹೊಲಿಗೆ ಯಂತ್ರ ತುಳಿದೇ ಸಾಕಿದವಳು. ಎಡಗಣ್ಣು ಹುಟ್ಟಿದಾಗಿನಿಂದಲೂ ಮಂಜು. ಬದುಕೆಲ್ಲ ಬಲಗಣ್ಣೊಂದರ ಮೇಲೇ ನಡೆದಿತ್ತು. ಅತ್ತಿಗೆ ಮೆಟ್ಟಿಲಿಳಿದರೆ ಸಾಕು, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಕೇಳುವಳು:

“ಏನೇ, ಇವತ್ತು ನಿನ್ನಂಗಡೀಲಿ ನಾನೇನು ವಾಪಸ್ ತಂದೆ?”

“ಹಸಿರು ದಾರ, ಚಿಕ್ಕಮ್ಮ. ಜಗಳಾನೂ ಆಡಿದ್ರಿ.”

“ಆಡ್ದೆ ಇರ್ತೀನಾ? ಸರಿಯಾದ್ದು ಕೊಡೋಕೇನು ಧಾಡಿ ನಿಂಗೆ!”

ಹೊಸ ವರ್ಷನ್ ಬಿಡುವ ದಿನ ಆ ಕಚೇರಿಯಲ್ಲೊಂದು ಪದ್ಧತಿಯಿದೆ. ಎಲ್ಲರೂ ಒಬ್ಬೊಬ್ಬರಾಗಿ ‘ನನ್ನದು ಆಯಿತು’ ಎಂದು ಬರೆಯಬೇಕು. ಕೊನೆಗೆ ಅತ್ತಿಗೆ ‘ಅಂಗಡಿ ತೆರೆದೆ’ ಎಂದು ಬರೆಯಬೇಕು. ಅವಳು ಬರೆಯುವ ತನಕ ಅದು ಹೊರಗೆ ಹೋಗುವಂತಿಲ್ಲ. ಅವಳಂತೂ ಹಳೆಯ ಸುಳ್ಳಂಗಡಿಯನ್ನು ಪೂರ್ತಿ ಕೆಡವಿ, ಹಿಂದಿನ ವರ್ಷನ್ನಿನಲ್ಲಿ ಬುಡದಿಂದ ಕಟ್ಟಿ, ಅದರ ಮೇಲೆ ಹೊಸದನ್ನು ಹಾಕಿ ನೋಡದೆ ಬರೆದವಳಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಅಲ್ಲಿಯವರು ನಗುತ್ತಿದ್ದರು. ಬೆನ್ನ ಹಿಂದೆ ಅವಳಿಗಿಟ್ಟ ಹೆಸರು ಅಡ್ಡಗಾಲಮ್ಮ. ಅದು ಅವಳ ಕಿವಿಗೂ ಬಿದ್ದಿತ್ತು. ಮನೆಗೆ ಬಂದು ಪಾತ್ರೆ ತೊಳೆಯುತ್ತ, “ನಾನೇನು ಬೇಕೂಂತ ಅಡ್ಡಗಾಲು ಹಾಕ್ತೀನಾ?” ಎಂದು ಕೇಳಿದ್ದಳು. ನೋವಾಗಿತ್ತು ಪಾಪ.

ನಾನು ಕಣ್ಣಾಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೂರುವವಳು. ನಮ್ಮಲ್ಲಿಯೂ ಇದೇ ಸಾಫ್ಟ್‌ವೇರ್. ಕೆಲವೊಮ್ಮೆ ತಯಾರಿಸಿದ ಕಂಪನಿಯೇ, ಈ ಬ್ಯಾಚ್ ಕೆಟ್ಟಿದೆ, ಯಾರಿಗೂ ಕೊಡಬೇಡಿ ಎಂದು ತಿಳಿಸುತ್ತದೆ. ಆಗ ಆ ಬ್ಯಾಚಿಗೆ ಕಂಪ್ಯೂಟರಿನಲ್ಲಿ ತಡೆ ಹಾಕುತ್ತೇವೆ. ಕಂಪನಿಯವರು ಬಂದು ಒಯ್ಯುವ ತನಕ ಡಬ್ಬಿಗಳು ಫ್ರಿಜ್ಜಿನಲ್ಲೇ ಇರುತ್ತವೆ. ಇರುವುದು ಒಂದೇ ಫ್ರಿಜ್ಜು. ಯಾರಾದರೂ ಮರೆತು ಎತ್ತಿಕೊಂಡರೂ ಸ್ಕ್ಯಾನ್ ಮಾಡಿದ ಕೂಡಲೇ ಪರದೆ ಕೆಂಪಾಗುತ್ತದೆ, ‘ಕೊಡಬಾರದು’ ಎನ್ನುತ್ತದೆ.

ಆ ಸಲದ ವರ್ಷನ್ ಈ ತಡೆಗಳನ್ನೇ ನುಂಗಿಹಾಕಿತ್ತು. ಹಳೆಯದರ ಮೇಲೆ ಹೊಸದನ್ನು ಹಾಕಿದೊಡನೆ ತಡೆ ಹಾಕಿದ ಮಾಲೆಲ್ಲ ಒಳ್ಳೆಯ ಮಾಲಾಗಿಬಿಡುತ್ತಿತ್ತು. ಬಿಡುವ ಮೊದಲೇ ಅದನ್ನು ಹಿಡಿದವಳು ಅತ್ತಿಗೆಯೇ. ಆ ಭಾಗವನ್ನು ಬರೆದವನು ದೂರದಲ್ಲೆಲ್ಲೋ ಇದ್ದ. ತನ್ನ ಫೋಟೋದ ಜಾಗದಲ್ಲಿ ಗೂಬೆಯ ಚಿತ್ರ ಹಾಕಿಕೊಂಡಿದ್ದರಿಂದ ಎಲ್ಲರಿಗೂ ಅವನು ಗೂಬೆ. ಗೂಬೆ ತಪ್ಪೊಪ್ಪಿಕೊಂಡು ಒಂದು ತಿದ್ದುಪಡಿ ಬರೆದು ಅತ್ತಿಗೆಗೆ ಕಳಿಸಿದ. “ಇದನ್ನ ನಿಮ್ಮಂಗಡಿಗೆ ಹಾಕಿ ನೋಡಿ” ಎಂದ. ಹಾಕಿದಳು. ತಡೆಗಳೆಲ್ಲ ಮರಳಿ ಬಂದವು.

ಆ ತಿದ್ದುಪಡಿ ಹೊಸ ವರ್ಷನ್ನಿನೊಳಗೂ ಸೇರಬೇಕಿತ್ತಲ್ಲ? ಅಲ್ಲೇ ಆಗಿದ್ದು ಅನರ್ಥ. ಅತ್ತಿಗೆ ಸೇರಿಸಿರುತ್ತಾಳೆ ಎಂದು ಗೂಬೆ, ಗೂಬೆ ಸೇರಿಸಿಯೇ ಕಳಿಸಿದ್ದಾನೆ ಎಂದು ಅತ್ತಿಗೆ. ಹತ್ತು ಜನ ಅಡುಗೆ ಮಾಡುವ ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದವರು ಯಾರು? ಯಾರೂ ಇಲ್ಲ.

ತಿದ್ದುಪಡಿ ಇದ್ದದ್ದು ಸುಳ್ಳಂಗಡಿಯೊಳಗೆ ಮಾತ್ರ. ಅದನ್ನು ಕೆಡವಿ ಕಟ್ಟಿದ್ದರೆ ಒಂದೇ ಏಟಿಗೆ ಗೊತ್ತಾಗುತ್ತಿತ್ತು. ಆದರೆ ಬಿಡುವ ದಿನವನ್ನು ಕಚೇರಿಯ ಯಜಮಾನರು ಮೊದಲೇ ಊರಿಗೆಲ್ಲ ಸಾರಿಬಿಟ್ಟಿದ್ದರು. ಅತ್ತಿಗೆಯ ಮೇಜಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರಂತೆ.

“ಅಮ್ಮಾ, ಎಲ್ರೂ ಬರ್ದಾಯ್ತು. ನಿಮ್ಮದೊಂದೇ ಬಾಕಿ.”

“ಒಂದ್ಸಲ ಕೆಡವಿ ಕಟ್ಟಿ ನೋಡ್ಬಿಡ್ತೀನಿ ಸಾರ್.”

“ನೋಡಿದ್ದೀರಲ್ಲ, ಸರಿಯಾಗೇ ಇದೆಯಲ್ಲ! ಪ್ರತಿ ಸಲಾನೂ ನಿಮ್ಮಿಂದಾನೇ ಯಾಕಮ್ಮ ತಡ ಆಗ್ಬೇಕು?”

ಸುತ್ತ ಕೂತವರು ಇವಳ ಕಡೆ ತಿರುಗಿದರು. ಒಂದು ಸಲವಾದರೂ ಒಳ್ಳೆಯವಳು ಅನಿಸಿಕೊಳ್ಳೋಣ ಎಂದು ಅವಳಿಗೆ ಅನಿಸಿತು. ‘ಅಂಗಡಿ ತೆರೆದೆ’ ಎಂದು ಬರೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಯಾರೋ ಅವಳಿಗೇ ಮೊದಲು ಚಹಾ ತಂದುಕೊಟ್ಟರು. ಆ ಸಂಜೆ ಅವಳು ಹಾಡು ಗುನುಗುತ್ತ ಮೆಟ್ಟಿಲು ಹತ್ತಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ನಮ್ಮ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವನು ಹೊಸದನ್ನು ಹಾಕುವ ಮುಂಚೆ ಯಾವಾಗಲೂ ನನ್ನನ್ನು ಕೇಳುತ್ತಾನೆ. “ನಿಮ್ಮತ್ತಿಗೆ ಏನಂದ್ರು?”

“ಅಂಗಡಿ ತೆರೆದಿದ್ದಾಳೆ, ಹಾಕಪ್ಪ” ಎಂದೆ.

ಅದೇ ವಾರ ನಮ್ಮ ಆಸ್ಪತ್ರೆಯಲ್ಲೇ ಚಿಕ್ಕಮ್ಮನ ಬಲಗಣ್ಣಿನ ಪೊರೆ ತೆಗೆದರು. ಸಲೀಸಾಗಿ ಆಯಿತು. ಹಾಕಿಕೊಳ್ಳಬೇಕಾದ ಹನಿಮದ್ದನ್ನು ನಾನೇ ಫ್ರಿಜ್ಜಿನಿಂದ ತೆಗೆದು ಸ್ಕ್ಯಾನ್ ಮಾಡಿದೆ. ಪರದೆ ಹಸಿರಾಯಿತು. ಮನೆಯಲ್ಲಿ ಅದನ್ನು ಹೊತ್ತುಹೊತ್ತಿಗೆ ಹಾಕಿದವಳು ಅತ್ತಿಗೆ. ಚಿಕ್ಕಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರೆಪ್ಪೆ ಬಿಡಿಸಿ, ಮಗುವಿಗೆ ಹಾಕುವ ಹಾಗೆ ಹಾಕುತ್ತಿದ್ದಳು.

ಕಣ್ಣು ಕೆಂಪಾಯಿತು, ಕೀವಾಯಿತು. ಇನ್ನೂ ಕೆಲವರು ಹಾಗೆಯೇ ಬಂದರು. ಡಾಕ್ಟರು ಎಲ್ಲರ ಬಾಟಲಿಗಳನ್ನು ತರಿಸಿ ನೋಡಿದರೆ ಎಲ್ಲವೂ ಒಂದೇ ಬ್ಯಾಚ್. ಕಂಪನಿ ಕೊಡಬೇಡಿ ಎಂದಿದ್ದ, ನಾವು ತಡೆ ಹಾಕಿದ್ದ ಬ್ಯಾಚ್. ಉಳಿದವರಿಗೆ ನಿಧಾನವಾಗಿ ವಾಸಿಯಾಯಿತು. ಚಿಕ್ಕಮ್ಮನ ಕಣ್ಣು ಉಳಿಯಲಿಲ್ಲ.

ನಾನು ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಅವಳು ಕಂಪ್ಯೂಟರ್ ತೆಗೆದು, ಸುಳ್ಳಂಗಡಿಯನ್ನು ಕೆಡವಿ, ಮತ್ತೆ ಬುಡದಿಂದ ಕಟ್ಟಿ, ಒಂದು ಬ್ಯಾಚಿಗೆ ತಡೆ ಹಾಕಿ, ಹೊಸ ವರ್ಷನ್ನನ್ನು ಹಾಕಿದಳು. ಪರದೆ ಹಸಿರಾಯಿತು. “ನನ್ನಂಗಡಿ ಮಾತ್ರ ಸರಿಯಾಗಿತ್ತು ಕಣೇ. ಊರಂಗಡಿಯೆಲ್ಲ ಕೆಟ್ಟಿತ್ತು” ಎಂದಳು.

ಯಜಮಾನರು ತಾವಾಗಿಯೇ ಮನೆಗೆ ಬಂದರು. ಸರಿಮಾಡಿದ ವರ್ಷನ್ ಅಷ್ಟರಲ್ಲಿ ಹೊರಬಿದ್ದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು! ಇವರು ಚಹಾ ಮುಟ್ಟದೆ, ಸಮಾಧಾನ ಹೇಳುವವರ ಹಾಗೆ ಹೇಳಿದರು: “ಹೆದರ್ಬೇಡಿ ಅಮ್ಮ. ಕಾನೂನು ಪ್ರಕಾರ ನಮ್ಮೇಲೆ ಏನೂ ಬರಲ್ಲ. ಇದ್ದದ್ದು ಇದ್ದ ಹಾಗೆ ಕೊಡ್ತಿದ್ದೀವಿ, ಯಾವ ಹೊಣೇನೂ ನಮ್ಮದಲ್ಲ ಅಂತ ಲೈಸೆನ್ಸಲ್ಲಿ ಒಂದು ಸಾಲಿದೆ. ಯಾರು ಬೇಕಾದ್ರೂ ಓದ್ಕೋಬಹುದು.”

“ಯಾರು ಬೇಕಾದ್ರೂನಾ?” ಎಂದಳು ಅತ್ತಿಗೆ. “ಕೆಳಗಿದ್ದಾರೆ ನಮ್ಮ ಚಿಕ್ಕಮ್ಮ. ಹೋಗಿ, ಅವರ ಕೈಗೆ ಕೊಟ್ಟು ಓದಿಸಿ ಬನ್ನಿ.”

ಅವರು ತಲೆ ತಗ್ಗಿಸಿಕೊಂಡು ಎದ್ದು ಹೋದರು. ಥೂ, ಚಪ್ಪಲಿ ಮೆಟ್ಟಿಕೊಳ್ಳುವಾಗಲೂ ಕೆಳಮನೆಯ ಬಾಗಿಲ ಕಡೆ ನೋಡಲಿಲ್ಲ.

ಚಿಕ್ಕಮ್ಮನಿಗೆ ಹೇಳಬೇಡ ಎಂದು ಅಣ್ಣ ಕೈಮುಗಿದ. “ಹೇಳಿದ್ರೆ ಕಣ್ಣು ಬರುತ್ತಾ?” ಎಂದ. ಅತ್ತಿಗೆ ಕೇಳಲಿಲ್ಲ. ನಾನೂ ಜೊತೆಗೆ ಇಳಿದೆ. ಚಿಕ್ಕಮ್ಮ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು. ಯಂತ್ರಕ್ಕೆ ಬಟ್ಟೆ ಮುಚ್ಚಿತ್ತು. ಅತ್ತಿಗೆ ಅವಳ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದಳು. ಗೂಬೆ, ಯಜಮಾನರು, ಚಪ್ಪಾಳೆ, ಚಹಾ, ಒಂದನ್ನೂ ಬಿಡಲಿಲ್ಲ.

ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇಷ್ಟೇ ಕೇಳಿದಳು:

“ಈಗ ಸರಿಮಾಡಿದ್ದೀಯಾ?”

“ಮಾಡಿದ್ದೀನಿ ಚಿಕ್ಕಮ್ಮ.”

“ನಿನ್ನಂಗಡಿಗೆ ನಾನು ಬಂದು ಆ ಮದ್ದು ಕೊಡು ಅಂದ್ರೆ?”

“ಕೊಡಲ್ಲ ಚಿಕ್ಕಮ್ಮ. ನೀವು ಎಷ್ಟು ಜಗಳ ಆಡಿದ್ರೂ ಕೊಡಲ್ಲ. ನಿಮ್ಮ ಹೆಸರಲ್ಲೇ ನೋಡಿದ್ದೀನಿ. ಕೆಂಪು ಬರುತ್ತೆ.”

“ಹಾಗಾದ್ರೆ ಅಲ್ಲಾದ್ರೂ ನಂಗೆ ಕಣ್ಣಿದೆ” ಎಂದಳು ಚಿಕ್ಕಮ್ಮ. ಮತ್ತೆ ಕೈಚಾಚಿ ತಡಕಿ, ಯಂತ್ರದ ಮೇಲಿನ ಬಟ್ಟೆಯನ್ನು ಸರಿಯಾಗಿ ಎಳೆದು ಮುಚ್ಚಿದಳು.